ಅಣ್ಣನ ಅಂಗೈ, ಜೀಪಿನ ಮುಳ್ಳು

ನನ್ನ ಜೀಪಿನ ಮುಂದೆ ಐದು ಮೀಟರುಗಳಿವೆ. ಅವುಗಳಲ್ಲಿ ನಾಲ್ಕು ಸುಳ್ಳು ಹೇಳುತ್ತವೆ ಎಂಬುದು ಹುಣಸೂರಿನಲ್ಲಿ ನನ್ನನ್ನು ಬಲ್ಲವರಿಗೆಲ್ಲ ಗೊತ್ತು. ಐದನೆಯದು ನಿಜ ಹೇಳುತ್ತಿತ್ತು. ನಾನು ಅದೊಂದನ್ನು ನಂಬಲಿಲ್ಲ. ಇಪ್ಪತ್ತೆಂಟು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟವಳು ಹೀಗೆ ಬರೆದುಕೊಳ್ಳುವುದು ಮರ್ಯಾದೆಯ ಮಾತಲ್ಲ. ಆದರೂ ಬರೆಯುತ್ತಿದ್ದೇನೆ. ಬಾಯಲ್ಲಿ ಹೇಳಲು ಹೊರಟಾಗಲೆಲ್ಲ ಜೀಪಿನ ತಮಾಷೆಗಳನ್ನು ಹೇಳಿ ಎಲ್ಲರನ್ನೂ ನಗಿಸಿ, ಹೇಳಬೇಕಾದದ್ದು ಹತ್ತಿರ ಬರುತ್ತಿದ್ದಂತೆ ಕಾಫಿ ತರುವ ನೆಪದಲ್ಲಿ ಒಳಗೆ ಎದ್ದುಹೋಗುತ್ತೇನೆ.

ಜೀಪು ನಮ್ಮಪ್ಪನ ಕಾಲದ್ದು, ಡೀಸೆಲ್ಲಿನದು. ಅಪ್ಪ ಹೋದ ಮೇಲೆ ನನ್ನಣ್ಣ ಚೆಲುವೇಗೌಡ ಗಾವಡಗೆರೆ ಹತ್ತಿರದ ನಮ್ಮ ಹಳ್ಳಿಯಲ್ಲಿ ಅದನ್ನು ಗೊಬ್ಬರ ತರಲು, ಹೊಗೆಸೊಪ್ಪು ಸಾಗಿಸಲು, ಬೀಗರ ಮನೆಗೆ ಹೋಗಲು ಹದಿನೈದು ವರ್ಷ ಓಡಿಸಿದ. ನನಗೆ ಬೆಳಗ್ಗೆ ಒಂದು, ಸಂಜೆ ಒಂದು ಬಸ್ಸು ಹೋಗುವ ಊರಿಗೆ ವರ್ಗವಾದಾಗ ಕೀಲಿ ತಂದು ಕೈಗಿಟ್ಟ. "ತಗೊಂಡೋಗವ್ವ. ಬಸ್ಸು ಕಾಯ್ಕೊಂಡು ಯಾಕೆ ನಿಂತ್ಕೊಂಡೀಯೆ," ಎಂದ. ಮೀಟರುಗಳ ಬಗ್ಗೆ ಕೇಳಿದ್ದಕ್ಕೆ, "ಅವನ್ನ ನೋಡ್ಬ್ಯಾಡ ಬುಡು," ಎಂದ.

ನೋಡದೆ ಇರುವುದು ಹೇಗೆ? ಕಣ್ಣೆದುರಿಗೇ ಇವೆಯಲ್ಲ. ವೇಗದ ಮುಳ್ಳು ಸದಾ ನಲವತ್ತರಲ್ಲಿರುತ್ತದೆ. ಶಾಲೆಯ ಬೇವಿನ ಮರದ ಕೆಳಗೆ ನಿಲ್ಲಿಸಿ, ಕೀಲಿ ತೆಗೆದು, ಪಾಠ ಮುಗಿಸಿ ಬಂದರೂ ನಲವತ್ತೇ. ಮಕ್ಕಳು ಕಿಟಕಿಯಲ್ಲಿ ಇಣುಕಿ, ನಿಂತಲ್ಲೇ ನಲವತ್ತರಲ್ಲಿ ಹೋಗುವ ಗಾಡಿ ಎಂದು ಅದಕ್ಕೆ ಹೆಸರು ಹಾಕಿದ್ದರು. ಆಯಿಲ್ ಮೀಟರಿನ ಗಾಜಿನೊಳಗೆ ಯಾವ ಕಾಲದಲ್ಲೋ ಒಂದು ಕಟ್ಟಿರುವೆ ಹೊಕ್ಕು ಸತ್ತಿದೆ. ಮುಳ್ಳು ಅದರ ಹೆಣಕ್ಕೆ ಒರಗಿಕೊಂಡು ನಿಂತಿದೆ. ಬ್ಯಾಟರಿಯ ಮುಳ್ಳು ಹಾರನ್ ಹೊಡೆದರೆ ಬೆಚ್ಚಿಬೀಳುತ್ತದೆ, ಉಳಿದಂತೆ ಅದಕ್ಕೆ ಲೋಕದ ಗೊಡವೆಯಿಲ್ಲ. ಡೀಸೆಲ್ ಮುಳ್ಳಿನ ಪಾಠವನ್ನು ನಾನು ಕಲಿತದ್ದು ಹೆಗ್ಗಡದೇವನಕೋಟೆಯ ದಾರಿಯಲ್ಲಿ. ಪರೀಕ್ಷೆಯ ಕೆಲಸಕ್ಕೆ ಹೊರಟಿದ್ದೆ, ಮುಳ್ಳು ಅರ್ಧ ಟ್ಯಾಂಕು ತೋರಿಸುತ್ತಿತ್ತು. ಹುರುಳಿ ಹೊಲವೊಂದರ ಪಕ್ಕ ಜೀಪು ಕೆಮ್ಮಿ ನಿಂತಿತು. ಟ್ರ್ಯಾಕ್ಟರಿನವರು ಯಾರೋ ಕ್ಯಾನಿನಲ್ಲಿ ಡೀಸೆಲ್ ತಂದು, ಪೈಪಿನೊಳಗಿನ ಗಾಳಿ ತೆಗೆದು ಹೊರಡಿಸಿಕೊಡುವಷ್ಟರಲ್ಲಿ ಅಲ್ಲಿ ಮಕ್ಕಳು ಅರ್ಧ ಪ್ರಶ್ನೆಪತ್ರಿಕೆ ಮುಗಿಸಿದ್ದರು. ಅಂದಿನಿಂದ ಅರ್ಧ ಎಂದರೆ ಖಾಲಿ ಎಂದು ಓದಿಕೊಳ್ಳುತ್ತೇನೆ.

ಸುಳ್ಳು ಮೀಟರಿನ ಜೊತೆ ಬಾಳುವುದು ನೀವು ತಿಳಿದಷ್ಟು ಕಷ್ಟವಲ್ಲ. ಒಂದೇ ಸುಳ್ಳನ್ನು ತಪ್ಪದೆ ಹೇಳುವವರ ಮಾತಿನಿಂದ ನಿಜವನ್ನು ಹೆಕ್ಕಬಹುದು. ನಮ್ಮ ಚಿಕ್ಕಮ್ಮ "ಒಂಚೂರು ಉಸಾರಿಲ್ಲ" ಎಂದರೆ ಹಾಸಿಗೆ ಹಿಡಿದಿದ್ದಾರೆ ಎಂದರ್ಥ. ನಮ್ಮ ಹೆಡ್ಮಾಸ್ತರು "ಐದೇ ನಿಮಿಷ ಮಾತಾಡ್ತೀನಿ" ಎಂದರೆ ಟಿಫಿನ್ ಡಬ್ಬಿ ಆರಿತು ಎಂದರ್ಥ. ಹಾಗೆಯೇ ಜೀಪು. ಸಂಸಾರವೆಲ್ಲ ಈ ಬಗೆಯ ಕೂಡು ಕಳೆಯ ಮೇಲೆಯೇ ನಡೆಯುತ್ತದೆ. ತೊಂದರೆ ಎಲ್ಲಿ ಎಂದರೆ, ಸುಳ್ಳರ ನಡುವೆ ಬಹಳ ದಿನ ಇದ್ದವರಿಗೆ ಒಬ್ಬ ನಿಜ ಹೇಳಿದರೂ ಅದರಿಂದ ಏನನ್ನೋ ಕಳೆದುಕೊಂಡೇ ಕೇಳುವ ಚಾಳಿ ಬೆಳೆದಿರುತ್ತದೆ.

ಐದನೆಯದು ಇಂಜಿನ್ನಿನ ಶಾಖ ತೋರಿಸುವ ಮೀಟರು. ಎಡಗಡೆ ಬಿಳಿ, ಬಲಗಡೆ ಕೆಂಪು. ಹೋದ ಬೇಸಿಗೆಯ ಮೊದಲಲ್ಲಿ ಅದರ ಮುಳ್ಳು ಕೆಂಪಿನ ಕಡೆ ವಾಲತೊಡಗಿತು. ಭಾನುವಾರ ಹಳ್ಳಿಗೆ ಹೋದಾಗ ಅಣ್ಣನಿಗೆ ಹೇಳಿದೆ. ಅವನು ಬಾನೆಟ್ ಎತ್ತಿ, ಬಲಗೈಯನ್ನು ಇಂಜಿನ್ನಿನ ಮೇಲೆ ಇಟ್ಟು, ಕಣ್ಣು ಅರೆಮುಚ್ಚಿ, ತೆಗೆದ.

"ಬಿಸೀನೇ ಇಲ್ಲ. ಮೀಟರು ಕೆಟ್ಟೋಗೈತೆ."

ನಾನೂ ಮುಟ್ಟಿದೆ. ಕೈ ಚುರುಕ್ಕೆಂದಿತು. ಅಣ್ಣ ನಕ್ಕ. "ಸೀಮೆಸುಣ್ಣ ಹಿಡ್ದಿರೋ ಕೈ ಕಣವ್ವ ನಿಂದು. ನಿಂಗೆ ಉಗುರುಬೆಚ್ಚಗಿದ್ರೂ ಸುಡ್ತದೆ."

ನಾನೂ ನಕ್ಕೆ. ಆ ನಗುವನ್ನು ಈಗ ಹಿಂದಕ್ಕೆ ತೆಗೆದುಕೊಳ್ಳುವಂತಿದ್ದರೆ ಏನು ಬೇಕಾದರೂ ಕೊಟ್ಟೇನು.

ಅಣ್ಣನ ಅಂಗೈ ಎಂದರೆ ಏನೆಂದು ಹೇಳದಿದ್ದರೆ ನಾನು ಯಾಕೆ ನಂಬಿದೆ ಎಂಬುದು ನಿಮಗೆ ತಿಳಿಯುವುದಿಲ್ಲ. ನಮ್ಮ ಕಡೆ ಹೊಗೆಸೊಪ್ಪನ್ನು ಕಡ್ಡಿಗೆ ಕಟ್ಟಿ ಬ್ಯಾರನ್ ಎಂಬ ಎತ್ತರದ ಕೋಣೆಯಲ್ಲಿ ತೂಗುಹಾಕಿ, ಕೆಳಗೆ ಸೌದೆ ಉರಿಸಿ ಹದ ಮಾಡುತ್ತಾರೆ. ಮೊದಲು ಸಣ್ಣ ಕಾವು, ಎಲೆ ಹಳದಿಗೆ ತಿರುಗಬೇಕು. ಆಮೇಲೆ ಏರಿಸುತ್ತಾ ಹೋಗಿ ಕೊನೆಗೆ ದಂಟು ಒಣಗಬೇಕು. ಯಾವಾಗ ಏರಿಸಬೇಕು ಎಂಬುದರಲ್ಲಿ ಇಡೀ ವರ್ಷದ ಬೆಳೆ ನಿಂತಿದೆ. ಅದಕ್ಕೆಂದೇ ಒಳಗೆ ಥರ್ಮಾಮೀಟರ್ ತೂಗುಹಾಕಿರುತ್ತಾರೆ. ಆದರೆ ನಮ್ಮೂರಿನಲ್ಲಿ ಅದನ್ನು ನೋಡಿದ ಮೇಲೂ ಒಂದು ಕ್ರಮವಿತ್ತು: ಚೆಲುವಣ್ಣನನ್ನು ಕರೆಯುವುದು. ಅವನು ಬಂದು ಬ್ಯಾರನ್ನಿನ ಗೋಡೆಗೆ ಅಂಗೈ ಒತ್ತಿ, "ಆಕು ಇನ್ನೆರಡು ಕೊರಡು" ಎಂದರೆ ಹಾಕುವುದು, "ಸಾಕು ತಡಿ" ಎಂದರೆ ತಡೆಯುವುದು. ಒಂದು ಕಾಲಕ್ಕೆ ಅವನ ಅಂಗೈಗೂ ಥರ್ಮಾಮೀಟರಿಗೂ ಕೂದಲೆಳೆಯಷ್ಟೂ ವ್ಯತ್ಯಾಸ ಬರುತ್ತಿರಲಿಲ್ಲ. ನಾನೇ ಶಾಲೆಯ ಥರ್ಮಾಮೀಟರ್ ತಂದು ಪಂದ್ಯ ಕಟ್ಟಿ ಸೋತಿದ್ದೇನೆ.

ಕೈಯಿಂದ ಕಾವು ಅಳೆಯುವುದು ಹಳೆಯ ವಿದ್ಯೆ. ಕೆ.ಆರ್. ನಗರದ ಕಡೆಯ ಆಲೆಮನೆಗಳಲ್ಲಿ ಪಾಕವನ್ನು ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಕಟ್ಟಿ ನೋಡುವವನಿಗೆ ಇಂದಿಗೂ ಯಾವ ಯಂತ್ರವೂ ಬೇಡ. ಎಳೆಮಗುವಿಗೆ ನೀರು ಹಾಕುವ ಅಜ್ಜಿಯರು ಮುಂಗೈಗೆ ಒಂದು ಹನಿ ಬಿಟ್ಟು ನೋಡುತ್ತಾರೆ. ಆದರೆ ನಾನು ಮಕ್ಕಳಿಗೆ ವರ್ಷವರ್ಷವೂ ಇದಕ್ಕೆ ವಿರುದ್ಧವಾದದ್ದನ್ನು ಕಲಿಸಿದೆ. ಮೂರು ಬೋಗುಣಿಗಳ ಪ್ರಯೋಗ ನಿಮಗೂ ನೆನಪಿರಬಹುದು. ಒಂದರಲ್ಲಿ ಬಿಸಿನೀರು, ಒಂದರಲ್ಲಿ ತಣ್ಣೀರು, ನಡುವಿನದರಲ್ಲಿ ಉಗುರುಬೆಚ್ಚಗಿನ ನೀರು. ಒಂದು ಕೈ ಬಿಸಿಯಲ್ಲಿ, ಇನ್ನೊಂದು ತಣ್ಣನೆಯದರಲ್ಲಿ ಅದ್ದಿಟ್ಟು, ಸ್ವಲ್ಪ ಹೊತ್ತಾದ ಮೇಲೆ ಎರಡನ್ನೂ ನಡುವಿನ ಬೋಗುಣಿಗೆ ಹಾಕಿದರೆ ಒಂದೇ ನೀರು ಒಂದು ಕೈಗೆ ತಣ್ಣಗೆ, ಇನ್ನೊಂದಕ್ಕೆ ಬಿಸಿ. ಮಕ್ಕಳು ಹೋ ಎನ್ನುತ್ತಾರೆ. ಆಗ ನಾನು ಬೋರ್ಡಿನ ಮೇಲೆ ದಪ್ಪಕ್ಷರದಲ್ಲಿ ಬರೆಯುತ್ತಿದ್ದೆ: "ಸ್ಪರ್ಶವು ಉಷ್ಣತೆಯ ನಂಬಲರ್ಹ ಅಳತೆಯಲ್ಲ." ಬರೆದು, ಕೈಯ ಸುಣ್ಣ ಕೊಡವಿಕೊಂಡು, ನಲವತ್ತರಲ್ಲಿ ನಿಂತ ಜೀಪು ಹತ್ತಿ ಮನೆಗೆ ಬರುತ್ತಿದ್ದೆ.

ಹುಣಸೂರಿನಲ್ಲಿ ಮೀಟರು, ವೈರು, ಲೈಟಿನ ಕೆಲಸಕ್ಕೆ ನಾನು ಹೋಗುವುದು ಖಲೀಲ್ ಸಾಬರ ಅಂಗಡಿಗೆ. ತಂದೆಯ ಕಾಲದಿಂದ ಅದೇ ಕಸುಬು. ಅಂಗಡಿ ಎಂದರೆ ಒಂದು ಬೆಂಚು, ಒಂದು ಗೋಡೆಯ ತುಂಬ ನೇತುಹಾಕಿದ ವೈರು, ಮತ್ತು ಅವರ ಸಿದ್ಧಾಂತ. ಸಿದ್ಧಾಂತವನ್ನು ಅವರು ಪ್ರತಿ ಗಿರಾಕಿಗೂ ಹೇಳುತ್ತಾರೆ. "ಮೊದ್ಲು ಅರ್ತ್ ನೋಡ್ಬೇಕು ಟೀಚರಮ್ಮ. ಆಮೇಲೆ ವೈರು. ಆಮೇಲೆ ಇಂಜಿನ್ನಾಗೆ ಕೂತು ಮೀಟರ್‌ಗೆ ಕಾವು ಹೇಳಿ ಕಳ್ಸೋ ಸೆಂಡರು. ಮೀಟರು ಲಾಸ್ಟು. ಜನ ಎಲ್ಲಾ ಉಲ್ಟಾ ಬರ್ತಾರೆ. ಮುಳ್ಳು ಬ್ಯಾಡದ್ದು ತೋರಿಸ್ತೂ ಅಂದ್ರೆ ಮೀಟರ್‌ಗೇ ಬೈತಾರೆ."

ನಾನು ಉಲ್ಟಾ ಹೋದ ಗಿರಾಕಿ. ಮೀಟರು ಕೆಟ್ಟಿದೆ, ಬದಲಾಯಿಸಿ ಎಂದೆ. ಅವರು ಕೇಳಿಸಿಕೊಳ್ಳದವರಂತೆ ತಮ್ಮ ಕ್ರಮದಲ್ಲೇ ನಡೆದರು. ಅರ್ತ್ ವೈರಿನ ತುಕ್ಕು ಉಜ್ಜಿದರು. ಸೆಂಡರಿನ ವೈರು ಕಿತ್ತರು, ಮುಳ್ಳು ಬಿಳಿಗೆ ಬಿತ್ತು. ಆ ವೈರನ್ನು ಇಂಜಿನ್ನಿನ ಕಬ್ಬಿಣಕ್ಕೆ ತಾಗಿಸಿದರು, ಮುಳ್ಳು ಕೆಂಪಿನ ಕೊನೆಗೆ ಹಾರಿತು. "ನೋಡಿ. ವೈರು ಸರಿ, ಮೀಟರು ಸರಿ." ಉಳಿದದ್ದು ಸೆಂಡರು. ಅದನ್ನು ಬಿಚ್ಚಿ, ಉದ್ದನೆಯ ವೈರು ಕಟ್ಟಿ, ಪಕ್ಕದ ಟೀ ಅಂಗಡಿಯ ಒಲೆಯ ಮೇಲೆ ಕಾಯುತ್ತಿದ್ದ ನೀರಿಗೆ ಇಳಿಬಿಟ್ಟರು. ನಾನು ಶಾಲೆಯಿಂದ ತಂದಿದ್ದ ಥರ್ಮಾಮೀಟರನ್ನೂ ಅದೇ ಪಾತ್ರೆಗೆ ಇಳಿಸಿದೆ. ಟೀ ಅಂಗಡಿಯವನು ಗಿರಾಕಿಗಳನ್ನು ಬಿಟ್ಟು ನಮ್ಮನ್ನೇ ನೋಡುತ್ತಿದ್ದ. ನೀರಿನ ಕಾವು ಏರಿದಂತೆ ಪಾದರಸವೂ ಮುಳ್ಳೂ ಒಟ್ಟಿಗೆ ಏರಿದವು, ಒಲೆಯಿಂದ ಇಳಿಸಿದರೆ ಒಟ್ಟಿಗೆ ಇಳಿದವು.

"ಎಲ್ಲಾ ಸರಿಯಾಗೈತೆ. ಇಂಜಿನ್ನೇ ಬಿಸಿ ಆಗ್ತೈತೆ. ರೇಡಿಯೇಟರ್ ತೋರಿಸಿ," ಎಂದರು.

"ಅಣ್ಣ ಮುಟ್ಟಿ ನೋಡಿದ್ದಾನೆ. ಬಿಸಿ ಇಲ್ಲ ಅಂದ."

ಖಲೀಲ್ ಸಾಬರಿಗೂ ಅಣ್ಣನ ಕೈ ಗೊತ್ತು. ನನ್ನ ಹಠಕ್ಕೆ ಹೊಸ ಸೆಂಡರು ಹಾಕಿಕೊಟ್ಟರು, ಹಳೆಯದನ್ನು ಕಾಗದದಲ್ಲಿ ಸುತ್ತಿ ನನ್ನ ಕೈಗೇ ಕೊಟ್ಟರು. ಹೊಸದೂ ಅದನ್ನೇ ಹೇಳಿತು. ರೇಡಿಯೇಟರಿಗೆ ದಿನಾ ಒಂದು ಚೊಂಬು ನೀರು ಕುಡಿಸುತ್ತಾ ಇನ್ನೊಂದು ವಾರ ಓಡಿಸಿದೆ, ಮತ್ತೆ ಅವರ ಅಂಗಡಿಗೆ ಹೋಗಿ ಮೀಟರು ಬದಲಾಯಿಸಿ ಎಂದೆ. ಅವರಿಗೆ ಸಿಟ್ಟು ಬಂತು. "ಸುಳ್ಳು ಹೇಳ್ದೇ ಇರೋನ್ನ ಯಾಕೆ ತೆಗೀಲಿ? ಗೌಡ್ರನ್ನೇ ಕರ್ಕೊಂಡ್ ಬನ್ನಿ, ಅವ್ರೇ ಹೇಳ್ಲಿ."

ಇಲ್ಲಿ ನಿಂತು ನಾನು ಹಿಂದಿನ ಕೆಲವು ಸಂಗತಿಗಳನ್ನು ಹೇಳಬೇಕು. ಅವೆಲ್ಲ ನನ್ನ ಕಣ್ಣೆದುರಿಗೇ ನಡೆದವು. ಆ ಬೇಸಿಗೆಗೆ ಮುಂಚಿನ ಚಳಿಗಾಲದಲ್ಲಿ ಅಣ್ಣ ಪಿರಿಯಾಪಟ್ಟಣದ ಹರಾಜು ಕಟ್ಟೆಗೆ ಸೊಪ್ಪು ತೆಗೆದುಕೊಂಡು ಹೋಗಿ, ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು ಮನೆಗೆ ಬಂದಿದ್ದ. ಇನ್ನೊಂದು ಎಲ್ಲಿ ಬಿತ್ತು ಎಂದು ಅವನಿಗೆ ಗೊತ್ತೇ ಇರಲಿಲ್ಲ. ಹೊಸಿಲ ಹತ್ತಿರ ಅತ್ತಿಗೆ ತೋರಿಸಿದ ಮೇಲೇ ಕಾಲು ನೋಡಿಕೊಂಡ. ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು. ಯುಗಾದಿಯ ಹೊತ್ತಿಗೂ ಆ ಕಥೆ ನಮ್ಮ ಮನೆಯಲ್ಲಿ ಓಡುತ್ತಿತ್ತು. ಒಲೆಯಿಂದ ಇಳಿಸಿದ ಟೀಯ ಸ್ಟೀಲ್ ಲೋಟವನ್ನು ಅವನು ಇಡೀ ಅಂಗೈಯಲ್ಲಿ ಹಿಡಿದು ಕುಳಿತುಕೊಳ್ಳುತ್ತಿದ್ದ. ಅದನ್ನು ನಾವು ಹೆಮ್ಮೆಯಿಂದ ನೆಂಟರಿಗೆ ತೋರಿಸುತ್ತಿದ್ದೆವು.

ಅದಕ್ಕೂ ಮೊದಲು, ಹಿಂದಿನ ಮಳೆಗಾಲದಲ್ಲಿ, ಅಣ್ಣನ ಒಂದು ಬ್ಯಾರನ್ ಸೊಪ್ಪು ಹಳದಿಯಾಗುವ ಮೊದಲೇ ಕಾವು ಹೆಚ್ಚಾಗಿ ಕರ್ರಗಾಯಿತು. ಸೌದೆ ಹಾಕುತ್ತಿದ್ದವಳು ನನ್ನ ಅತ್ತಿಗೆ ರಾಜಮ್ಮ. ಅಣ್ಣ ಊರಿನ ನಾಲ್ಕು ಜನರ ಮುಂದೆ ಅವಳಿಗೆ, "ನಾನು ಏಳಿದ್ದು ಎರಡು ಕೊರಡು, ನೀನು ತುರುಕಿದ್ದು ಎಷ್ಟು? ಇಪ್ಪತ್ತು ವರ್ಷ ಆಯ್ತು, ಒಂದು ಒಲೆ ಉರ್ಸಕ್ಕೆ ಬರಾಕಿಲ್ವಾ ನಿಂಗೆ?" ಎಂದ. ಅತ್ತಿಗೆ ಸೆರಗಿನಲ್ಲಿ ಮುಖ ಒರೆಸಿಕೊಂಡು ಒಳಗೆ ಹೋದಳು. ನಾನೂ ಅಲ್ಲೇ ಇದ್ದೆ. ಪಾಪ, ಕೈತಪ್ಪಿರಬೇಕು ಅಂದುಕೊಂಡೆ. ಬ್ಯಾರನ್ನಿನೊಳಗೆ ಥರ್ಮಾಮೀಟರ್ ತೂಗುತ್ತಿತ್ತು, ಅದು ಏನು ಹೇಳಿತ್ತು ಎಂದು ವಿಜ್ಞಾನದ ಟೀಚರ್ ಆದ ನಾನೂ ಕೇಳಲಿಲ್ಲ. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಎನ್ನುತ್ತಾರೆ ನಮ್ಮವರು. ನಮಗೆ ಕನ್ನಡಿಗಳು ಬೇಕಾದಷ್ಟಿದ್ದವು, ಒಂದನ್ನೂ ನೋಡಲಿಲ್ಲ.

ಶನಿವಾರ ಶಾಲೆ ಮುಗಿಸಿ ಹಳ್ಳಿಗೆ ಹೋಗಿ ಅಣ್ಣನನ್ನು ಕೂರಿಸಿಕೊಂಡು ಹುಣಸೂರಿಗೆ ಬಂದೆ. ದಾರಿಯುದ್ದಕ್ಕೂ ಮುಳ್ಳು ಕೆಂಪಿನಲ್ಲಿತ್ತು, ಅಣ್ಣ ದಾರಿಯುದ್ದಕ್ಕೂ ಅದನ್ನು ಗೇಲಿ ಮಾಡಿದ. ಮಧ್ಯಾಹ್ನದ ಬಿಸಿಲು. ಖಲೀಲ್ ಸಾಬರು ಬಾನೆಟ್ ಎತ್ತಿದರು. ಅಣ್ಣ ಅಂಗಿಯ ತೋಳು ಮೇಲೇರಿಸಿ ಬಲಗೈಯನ್ನು ಇಂಜಿನ್ನಿನ ನೆತ್ತಿಯ ಮೇಲೆ ಅಗಲವಾಗಿ ಇಟ್ಟ. ಇಟ್ಟುಕೊಂಡೇ ಮಾತಿಗೆ ಶುರುಮಾಡಿದ.

"ನೋಡಿ ಸಾಬ್ರೇ, ಇದು ಬಿಸಿ ಅಂದ್ರೆ ನಮ್ ಬ್ಯಾರನ್ನಿಗೆ ಏನಂತೀರ? ನಮ್ಮಪ್ಪ ಈ ಗಾಡೀಲಿ ಕೊಡಗಿನ ಘಾಟಿ ಅತ್ತಿ ಇಳ್ದಿದ್ದ. ಆಗ್ಲೂ ನಾನು ಇಂಗೇ ಕೈ ಇಟ್ಟು..."

ಖಲೀಲ್ ಸಾಬರು ವಾದ ಮಾಡಲಿಲ್ಲ. ನೀರಿನ ಬಾಟಲಿಯಿಂದ ನಾಲ್ಕು ಹನಿ ತೆಗೆದು ಅಣ್ಣನ ಕೈಯ ಪಕ್ಕದ ಕಬ್ಬಿಣಕ್ಕೆ ಎರಚಿದರು. ಹನಿಗಳು ಚೊಯ್ ಎಂದು ಕಾಣೆಯಾದವು. ಅವರು ಅಣ್ಣನ ಮುಖ ನೋಡಿದರು, ಆಮೇಲೆ ಕೈ ನೋಡಿದರು. ಅಣ್ಣ ಇನ್ನೂ ಘಾಟಿಯ ಕಥೆಯಲ್ಲೇ ಇದ್ದ.

"ಗೌಡ್ರೇ, ಕೈ ತೆಗೀರಿ."

"ಯಾಕ್ರೀ?"

"ಯಾ ಅಲ್ಲಾ, ಕೈ ತೆಗೀರಿ ಮೊದ್ಲು!" ಎಂದು ಕೂಗಿ ಅವರೇ ಅಣ್ಣನ ತೋಳು ಹಿಡಿದು ಎಳೆದರು. ಅಂಗೈಯ ತೊಗಲಿನ ಒಂದು ಪದರ ಇಂಜಿನ್ನಿನ ಮೇಲೇ ಉಳಿಯಿತು. ವಾಸನೆ ನನಗೆ ಆಗ ಬಡಿಯಿತು. ಅಣ್ಣ ತನ್ನ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ, ಅದು ಬೇರೆ ಯಾರದೋ ಎಂಬಂತೆ. ಅವನು ಕೂಗಲಿಲ್ಲ. ಕೂಗಿದವಳು ನಾನು. ಅವನು ನನ್ನ ಕಡೆ ತಿರುಗಿ, ಸಣ್ಣ ಮಗುವಿನ ಹಾಗೆ, "ನೋಯ್ತಿಲ್ಲ ಕಣವ್ವ," ಎಂದ. ನನ್ನನ್ನು ಸಮಾಧಾನ ಮಾಡಲು ಹೇಳಿದ ಮಾತದು. ಅದಕ್ಕಿಂತ ಭಯಂಕರವಾದ ಮಾತನ್ನು ನಾನು ಈವರೆಗೆ ಕೇಳಿಲ್ಲ.

ಮೈಸೂರಿನ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿದರು. ಸಕ್ಕರೆ ಕಾಯಿಲೆ ಎಷ್ಟು ವರ್ಷದಿಂದ ಎಂದು ಡಾಕ್ಟರು ಕೇಳಿದರು. "ನಂಗಾ? ನಂಗೆ ಅಂಥದ್ದೇನೂ ಇಲ್ಲ ಸಾರ್," ಎಂದ ಅಣ್ಣ. ಬಹಳ ವರ್ಷಗಳಿಂದ ಇದ್ದಿರಬೇಕು, ನರಗಳು ಸತ್ತಿವೆ ಎಂದು ಡಾಕ್ಟರು ನನಗೆ ಹೇಳಿದರು. ಆಮೇಲೆ ಅಣ್ಣನನ್ನು ಮಲಗಿಸಿ, ಕಣ್ಣು ಮುಚ್ಚಿಕೊಳ್ಳಲು ಹೇಳಿ, ಒಂದು ನೈಲಾನ್ ಎಳೆಯನ್ನು ಹಿಡಿದುಕೊಂಡರು. "ಚುಚ್ಚಿದಾಗ ಹೂಂ ಅನ್ನಿ" ಎಂದರು. ಹೆಬ್ಬೆರಳಿನ ಬುಡ, ಹಿಮ್ಮಡಿ, ಪಾದದ ಅಂಚು, ಎಡಗೈಯ ಬೆರಳುಗಳ ತುದಿ. ಎಳೆ ಪ್ರತಿ ಸಲವೂ ಬಾಗುವಷ್ಟು ಒತ್ತುತ್ತಿತ್ತು. ನಾನು ಒಂದೊಂದಕ್ಕೂ ಮನಸ್ಸಿನಲ್ಲೇ ಹೂಂ ಅನ್ನು, ಹೂಂ ಅನ್ನು ಎಂದು ಬೇಡಿಕೊಳ್ಳುತ್ತಿದ್ದೆ. ಡಾಕ್ಟರು ಮುಗಿಸಿ, ಎಳೆಯನ್ನು ಜೇಬಿಗೆ ಹಾಕಿಕೊಂಡು, ಬರೆದುಕೊಳ್ಳತೊಡಗಿದರು.

ಅಣ್ಣ ಕಣ್ಣು ಮುಚ್ಚಿಕೊಂಡೇ ಕೇಳಿದ: "ಯಾವಾಗ ಶುರು ಮಾಡ್ತೀರಿ ಸಾರ್?"

ಖಲೀಲ್ ಸಾಬರ ಕ್ರಮದಲ್ಲಿ ಹೇಳುವುದಾದರೆ, ವೈರು ಹೋಗಿತ್ತು. ನಾವು ಎರಡು ತಿಂಗಳು ಜೀಪಿನಲ್ಲಿ ಹುಡುಕಿದ ದೋಷ ಜೀಪಿನಲ್ಲಿರಲಿಲ್ಲ. ಗಾಯ ಮಾಯಲಿಲ್ಲ. ಬಲಗೈಯ ಮಧ್ಯದ ಎರಡು ಬೆರಳುಗಳನ್ನು ತೆಗೆದರು, ಉಳಿದ ಅಂಗೈ ಮುದುಡಿಕೊಂಡಿದೆ. ಖಲೀಲ್ ಸಾಬರು ಎರಡು ಸಲ ಬಸ್ಸು ಹತ್ತಿ ಮೈಸೂರಿಗೆ ಬಂದು ನೋಡಿದರು. ಎರಡನೆಯ ಸಲ ಹೊರಗೆ ಮೆಟ್ಟಿಲ ಮೇಲೆ ಕುಳಿತು, "ನಾನೇ ಕರ್ಕೊಂಡ್ ಬನ್ನಿ ಅಂದೆ ಟೀಚರಮ್ಮ," ಎಂದು ಕಣ್ಣೊರೆಸಿಕೊಂಡರು. ಸೆಂಡರನ್ನು ಟೀ ನೀರಿನಲ್ಲಿ ಬೇಯಿಸಿ ಪರೀಕ್ಷೆ ಮಾಡಿದ ನನಗೆ, ಅಣ್ಣನ ಕೈ ಮುಟ್ಟಿ ಒಮ್ಮೆಯಾದರೂ ನೋಡಬೇಕು ಅನ್ನಿಸಿರಲಿಲ್ಲ. ಜೀಪಿನ ರೇಡಿಯೇಟರಿನಲ್ಲಿ ಕೆಸರು ಕಟ್ಟಿತ್ತು. ತೊಳೆಸಿದೆ, ಅರ್ಧ ದಿನದ ಕೆಲಸ. ಈಗ ಮುಳ್ಳು ಬಿಳಿಗೂ ಕೆಂಪಿಗೂ ನಡುವೆ, ಎಲ್ಲಿರಬೇಕೋ ಅಲ್ಲಿದೆ. ಅದನ್ನು ನೋಡಿದಾಗ ನನಗೆ ಸಂತೋಷವೇನೂ ಆಗುವುದಿಲ್ಲ.

ಅಣ್ಣ ಆಸ್ಪತ್ರೆಯಿಂದ ಬಂದು ಬಹಳ ದಿನಗಳಾಗಿದ್ದವು. ಒಂದು ಸಂಜೆ ಜಗಲಿಯ ಮೇಲೆ ಕುಳಿತವನು, ಸೊಪ್ಪು ಕಟ್ಟುತ್ತಿದ್ದ ಅತ್ತಿಗೆಯ ಕಡೆ ನೋಡದೆ ಹೇಳಿದ: "ಆವತ್ತು ಬ್ಯಾರನ್ ಕೆಡ್ಸಿದ್ದು ನಾನೇ ಕಣಮ್ಮಿ."

ಅತ್ತಿಗೆ ಕೈ ನಿಲ್ಲಿಸಲಿಲ್ಲ. "ಆವತ್ತೇ ಗೊತ್ತಿತ್ತು. ನೀವು ಗೋಡೆ ಮುಟ್ಟಿ ಇನ್ನೂ ಆಕು ಅಂದಾಗ ನನ್ ಮೊಕಕ್ಕೆ ಝಳ ಬಡೀತಿತ್ತು."

ನಾನು ತಡೆಯಲಾರದೆ, "ಮತ್ತೆ ಯಾಕೆ ಹೇಳ್ಲಿಲ್ಲ ಅತ್ತಿಗೆ?" ಎಂದೆ.

ಅವಳು ನನ್ನನ್ನು ನೋಡಿದಳು. "ಏಳಿದ್ರೆ ನಂಬ್ತಿದ್ರಾ? ನಿಮ್ ಜೀಪಿನ ಮೀಟ್ರು ಏಳ್ತಲ್ಲ, ನಂಬಿದ್ರಾ?"

ಈ ವರ್ಷ ಬ್ಯಾರನ್ನಿಗೆ ಬೆಂಕಿ ಹಾಕುವ ಮೊದಲು ಅತ್ತಿಗೆಗೆ ಥರ್ಮಾಮೀಟರ್ ಓದುವುದು ಹೇಳಿಕೊಟ್ಟೆ. ಒಂದೇ ಸಲಕ್ಕೆ ಕಲಿತಳು. ಈಗ ಯಾವಾಗ ಸೌದೆ ಹಾಕಬೇಕು, ಯಾವಾಗ ತಡೆಯಬೇಕು ಎಂದು ಹೇಳುವವಳು ಅವಳೇ. ಅಕ್ಕಪಕ್ಕದವರೂ ಈಗೀಗ ಅವಳನ್ನು ಕೇಳಿಕೊಂಡು ಹೋಗುತ್ತಾರೆ. ಅಣ್ಣ ಹೊರಗೆ ಕಲ್ಲಿನ ಮೇಲೆ ಕುಳಿತು "ಎಷ್ಟೈತೆ?" ಎನ್ನುತ್ತಾನೆ. ಅವಳು ಹೇಳುತ್ತಾಳೆ. ಹಳೆಯ ಅಭ್ಯಾಸಕ್ಕೆ ಅವನ ಬಲಗೈ ಗೋಡೆಯ ಕಡೆ ಒಂದಿಷ್ಟು ಏಳುತ್ತದೆ, ಆಮೇಲೆ ತೊಡೆಯ ಮೇಲೆ ಇಳಿಯುತ್ತದೆ.

ಡಾಕ್ಟರು ಬಿಸಿಯಾದ ಯಾವುದನ್ನೂ ನೋಡದೆ ಮುಟ್ಟಬಾರದು ಎಂದಿದ್ದಾರೆ. ಆದ್ದರಿಂದ ಟೀ ಬಂದಾಗ ಅಣ್ಣ ಕೈ ಚಾಚುವ ಮೊದಲು ಕೇಳುತ್ತಾನೆ. ಹೋದ ಭಾನುವಾರ ನಾನು ಪಕ್ಕದಲ್ಲೇ ಇದ್ದೆ.

"ಸುಡ್ತದಾ?"

ಅತ್ತಿಗೆ ಲೋಟವನ್ನು ಬೆರಳ ತುದಿಯಲ್ಲಿ ಮುಟ್ಟಿ, "ಸುಡ್ತದೆ, ತಡೀರಿ," ಎಂದು ಕಟ್ಟೆಯ ಮೇಲಿಟ್ಟು ಬ್ಯಾರನ್ನಿನ ಕಡೆ ಹೋದಳು. ಅಣ್ಣ ಕಾದ. ಸ್ವಲ್ಪ ಹೊತ್ತಾದ ಮೇಲೆ ಬಂದಳು, ಅವನು ಮತ್ತೆ ಕೇಳಿದ, ಅವಳು ಮತ್ತೆ ಮುಟ್ಟಿ ಅದನ್ನೇ ಹೇಳಿದಳು. ಮೂರನೆಯ ಸಲವೂ ಹಾಗೇ ಆಯಿತು. ಅವಳು ಅತ್ತ ತಿರುಗಿದಾಗ ನನ್ನ ಸೀಮೆಸುಣ್ಣದ ಕೈ ಸುಮ್ಮನಿರಲಾರದೆ ಆ ಲೋಟವನ್ನು ಮುಟ್ಟಿತು. ಟೀ ತಣ್ಣಗೆ ಕೊರೆಯುತ್ತಿತ್ತು, ಮೇಲೆ ಕೆನೆ ಕಟ್ಟಿತ್ತು.

ಹೆದರಿಕೆಗೆ ಹಾಗೆ ಮಾಡುತ್ತಾಳೋ, ಬ್ಯಾರನ್ ಕೆಟ್ಟ ದಿನ ನಾಲ್ಕು ಜನರ ಮುಂದೆ ಅವನು ಆಡಿದ ಮಾತಿಗೆ ದಿನಾ ಒಂದು ಲೋಟದಂತೆ ಉತ್ತರ ಕೊಡುತ್ತಿದ್ದಾಳೋ ನನಗೆ ತಿಳಿಯದು. ಕೇಳುವ ಧೈರ್ಯವೂ ನನಗಿಲ್ಲ. ಕೊನೆಗೆ ಅವಳು "ಈಗ ಕುಡೀರಿ" ಎಂದಳು. ಅಣ್ಣ ಎರಡೂ ಕೈಯಲ್ಲಿ ಲೋಟ ಎತ್ತಿ ಕುಡಿದ. ಕೈ ಸತ್ತಿರಬಹುದು, ಅವನ ನಾಲಿಗೆಗೆ ಏನೂ ಆಗಿಲ್ಲ. ಮೊದಲ ಗುಟುಕು ಬಾಯಲ್ಲಿ ಹಿಡಿದು ಒಂದು ಕ್ಷಣ ಅತ್ತಿಗೆಯ ಕಡೆ ನೋಡಿದ. ಅವಳೂ ನೋಡುತ್ತಿದ್ದಳು.

"ಸರ್ಯಾಗೈತೆ," ಎಂದು ತಳದವರೆಗೂ ಕುಡಿದು ಲೋಟ ಇಟ್ಟ.